ಎರಡು ಗಾಜಿನ ಕಿಟಕಿಯ ಆಚಾರ್ರು

ಸಹನಾ, ಚಿನ್ಮಯ,

ನಮ್ಮ ಕೋಣೆಯ ಆ ಕಿಟಕಿ ಮಾಡಿದ ಆಚಾರ್ರ ಎರಡೂ ಕಿವಿಯ ಹಾಲೆಗಳಲ್ಲಿ ಕಿರುಬೆರಳು ತೂರುವಷ್ಟು ದೊಡ್ಡ ತೂತುಗಳಿದ್ದವು. ಪ್ರಾಯದಲ್ಲಿ ಅಲ್ಲಿ ಬಂಗಾರದ ಒಂಟಿ ಇತ್ತಂತೆ. ನಾನು ನೋಡುವ ಹೊತ್ತಿಗೆ ಒಂಟಿ ಹೋಗಿ ಹಾಲೆ ಜೋತುಬಿದ್ದಿತ್ತು. ಬಲಗಿವಿಯ ತೂತಿನಲ್ಲಿ ಯಾವಾಗಲೂ ಒಂದು ಬೆಂಕಿಕಡ್ಡಿ ಸಿಕ್ಕಿಸಿಕೊಂಡಿರುತ್ತಿದ್ದರು. ಅವರು ಬೀಡಿ ಸೇದುವವರಲ್ಲ. ಆ ಕಡ್ಡಿ ಅವರ ಅಳತೆಗೋಲು. ಕಿಟಕಿಯ ಚೌಕಟ್ಟಿನ ಸುತ್ತ, ಗೋಡೆಯ ಸಂದಿಯಲ್ಲಿ, ಹಲಗೆ ಕೂಡುವಲ್ಲಿ ಕಡ್ಡಿ ಚುಚ್ಚಿ ನೋಡುತ್ತಿದ್ದರು. “ಕಡ್ಡಿ ಹೋದಲ್ಲಿ ಗಾಳಿ ಹೋಗ್ತದೆ ತಂಗಿ, ಗಾಳಿ ಹೋದಲ್ಲಿ ಸದ್ದು ಹೋಗ್ತದೆ” ಎನ್ನುತ್ತಿದ್ದರು.

ಮೊನ್ನೆ ರಜೆಗೆ ಬಂದಾಗ ನೀವಿಬ್ಬರೂ ಆ ಕಿಟಕಿ ನೋಡಿ ನಕ್ಕಿರಿ. ಮೂಲೆ ದುಂಡಗಿರುವ ಗಾಜು, ಅದರ ಹಿಂದೆ ಅಂಥದೇ ಇನ್ನೊಂದು ಗಾಜು, ಕೆಳಗೆ ಬೆಕ್ಕು ನುಸುಳುವಷ್ಟು ಸಣ್ಣ ಬಾಗಿಲು. ತೆಗೆಸಿ ಜಾರುವ ಕಿಟಕಿ ಹಾಕಿಸೋಣವಾ ಅಜ್ಜಿ ಎಂದು ಕೇಳಿದಿರಿ. ನಾನು “ಆತು” ಎಂದೆ. ಮನಸ್ಸಿಗೆ ಒಪ್ಪದ್ದಕ್ಕೂ ಆತು ಎನ್ನುವುದು ನನ್ನ ಹಳೆಯ ಕಾಯಿಲೆ. ಆ ಕಾಯಿಲೆಯಿಂದ ಈ ಮನೆಯಲ್ಲಿ ಒಮ್ಮೆ ಆಗಬಾರದ್ದು ಆಗಿದೆ. ಬಾಯಿಂದ ಹೇಳಲು ಈಗಲೂ ನನಗೆ ಬರುವುದಿಲ್ಲ. ಹಳ್ಳಿ ಶಾಲೆಯಲ್ಲಿ ಏಳನೆಯವರೆಗೆ ಕಲಿತದ್ದು ಬರೆಯುವುದಕ್ಕೆ ಸಾಕು ಅಂದುಕೊಂಡು ಕೂತಿದ್ದೇನೆ.

ನಿಮ್ಮಜ್ಜ ಬಸ್ಸಿನ ಡ್ರೈವರ್ ಆಗಿದ್ದರು. ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಬೆಳಿಗ್ಗೆ ಹೋಗಿ, ಮಧ್ಯಾಹ್ನದ ಮೇಲೆ ವಾಪಸು ಬರುವ ಖಾಸಗಿ ಬಸ್ಸು. ಸಾಗರದ ಈ ಮನೆಯನ್ನು ಅವರು ಕೊಂಡದ್ದೇ ಎದುರಿನ ಬಯಲಿನಲ್ಲಿ ಬಸ್ಸುಗಳು ತಂಗುತ್ತವೆ ಎಂದು. ಬೆಳಿಗ್ಗೆ ಐದಕ್ಕೆ ಎದ್ದು ಮುಖ ತೊಳೆದು ರಸ್ತೆ ದಾಟಿದರೆ ಕೆಲಸ. ಆ ಅನುಕೂಲವೇ ಆಮೇಲೆ ನಮ್ಮ ಕುತ್ತಿಗೆಗೆ ಬಂತು.

ನಿಮ್ಮ ಅಪ್ಪನಿಗೆ ಎಂಟು ವರ್ಷವಿದ್ದಾಗ ನಿಮ್ಮಜ್ಜನಿಗೆ ಎದೆನೋವು ಬಂತು. ಶಿವಮೊಗ್ಗದ ಡಾಕ್ಟರು ಬದುಕಿಸಿಕೊಟ್ಟರು. ಆದರೆ ಇನ್ನು ಗಾಡಿ ಮುಟ್ಟುವ ಹಾಗಿಲ್ಲ, ಪೂರ್ತಿ ವಿಶ್ರಾಂತಿ ಬೇಕು, ನಿದ್ದೆ ಕೆಡಬಾರದು ಎಂದು ಹೇಳಿ ಕಳಿಸಿದರು. ಮನೆಗೆ ಬಂದು ಮಲಗಿದರು ನಿಜ. ನಿದ್ದೆ ಎಲ್ಲಿಂದ ಬರಬೇಕು? ಐದು ಗಂಟೆಗೆ ಎದುರಿನ ಬಯಲಿನಲ್ಲಿ ಒಂದೊಂದೇ ಇಂಜಿನ್ ಗುರುಗುಟ್ಟಲು ಶುರುವಾಗುತ್ತಿತ್ತು. ಕಣ್ಣು ಮುಚ್ಚಿಕೊಂಡೇ ಇದು ಇಂಥ ಬಸ್ಸು, ಇದರ ಸೈಲೆನ್ಸರ್ ಒಡೆದಿದೆ ಎಂದು ಹೇಳುತ್ತಿದ್ದರು. ಅವರದೇ ಬಸ್ಸು ಹೊರಟಾಗ ಹಾಸಿಗೆಯಲ್ಲೇ ಬಲಗಾಲು ಬ್ರೇಕ್ ಒತ್ತುತ್ತಿತ್ತು. ಕಂಬಳಿಯ ಕೆಳಗೆ ಆ ಕಾಲು ಒತ್ತುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಣೆಯಲ್ಲಿ ಬೆವರು ಬರುತ್ತಿತ್ತು. ಮಲಗಿದಲ್ಲೇ ತೀರ್ಥಹಳ್ಳಿಯವರೆಗೂ ಗಾಡಿ ಓಡಿಸಿ ಸುಸ್ತಾಗುತ್ತಿದ್ದರು.

ಎರಡನೆಯ ಸಲ ತೋರಿಸಲು ಹೋದಾಗ ಡಾಕ್ಟರಿಗೆ ನಾನು ಇದನ್ನು ಹೇಗೋ ತಡವರಿಸಿ ಹೇಳಿದೆ. ಅವರ ಕೋಣೆ ಇದ್ದದ್ದು ಪೇಟೆಯ ದೊಡ್ಡ ರಸ್ತೆಯ ಮೇಲೆ. ಒಳಗೆ ಮಾತ್ರ ಬಾವಿಯೊಳಗಿದ್ದ ಹಾಗೆ ತಣ್ಣಗೆ, ಸದ್ದಿಲ್ಲ. ಡಾಕ್ಟರು ಕಿಟಕಿಗೆ ಬೆರಳು ತೋರಿಸಿ, ಅದಕ್ಕೆ ಎರಡು ಗಾಜು ಹಾಕಿಸಿದ್ದೇನಮ್ಮ, ಚಳಿ ದೇಶದಲ್ಲಿ ಹೀಗೆ ಮಾಡುತ್ತಾರೆ, ಸದ್ದೂ ನಿಲ್ಲುತ್ತದೆ, ಸಾಧ್ಯವಾದರೆ ನೀವೂ ಹಾಕಿಸಿ ಎಂದರು. ನಾನು ಹತ್ತಿರ ಹೋಗಿ ನೋಡಿದೆ. ಒಂದು ಗಾಜು, ನಾಲ್ಕು ಬೆರಳು ಜಾಗ ಬಿಟ್ಟು ಅದರ ಹಿಂದೆ ಇನ್ನೊಂದು. ಆ ಕಿಟಕಿ ನನ್ನ ತಲೆಯಲ್ಲಿ ಅಚ್ಚೊತ್ತಿದಂತೆ ಕೂತಿತು.

ನಮ್ಮ ಕೋಣೆಗೆ ಇದ್ದದ್ದು ಹಲಗೆ ಬಾಗಿಲಿನ ಹಳೆಯ ಕಿಟಕಿ. ಹಲಗೆ ಸೊಟ್ಟಗಾಗಿ ಬೆರಳು ತೂರುತ್ತಿತ್ತು. ಸಾಗರದ ಪೇಟೆಯಲ್ಲಿ ವಿಚಾರಿಸಿದರೆ ಮರ, ಗಾಜು, ಕೂಲಿ ಸೇರಿ ನಮ್ಮ ಕೈಗೆ ಎಟುಕುವ ಮಾತಾಗಿರಲಿಲ್ಲ. ನಾನು ರವಿಕೆ ಹೊಲಿದು ತರುತ್ತಿದ್ದದ್ದರಲ್ಲೇ ಮನೆ ನಡೆಯುತ್ತಿತ್ತು. ಆಗ ಯಾರೋ ಈ ಆಚಾರ್ರ ಹೆಸರು ಹೇಳಿದರು. ಆನಂದಪುರದಿಂದ ಈಚೆ ರಸ್ತೆ ಬದಿಯಲ್ಲಿ ಅವರ ಬಿಡಾರ. ಹಳೆಯ ಮರದಲ್ಲೇ ಹೊಸ ಕೆಲಸ ಮಾಡಿಕೊಡುತ್ತಾರೆ ಎಂದು ಹೆಸರಾಗಿತ್ತು.

ಬಂದರು. ಕಡ್ಡಿ ಚುಚ್ಚಿ ಗೋಡೆಯೆಲ್ಲ ನೋಡಿದರು. ಎಂಥ ಕಿಟಕಿ ಬೇಕು ಎಂದು ಕೇಳಿದರು. ಪರಗಂಡಸರ ಎದುರು ನಿಂತು ಮಾತಾಡಿ ಅಭ್ಯಾಸವಿಲ್ಲದ ನಾನು ಬಾಗಿಲ ಹಿಂದಿನಿಂದಲೇ “ಎರಡು ಗಾಜಿನ ಕಿಟಕಿ” ಎಂದೆ. ಡಾಕ್ಟರು ಹೇಳಿದ್ದೂ ಅದೇ ಮಾತು ತಾನೇ? “ಎರಡೇ ಸಾಕನಾ?” ಎಂದರು. ಸಾಕು ಎಂದೆ. ಗಾಜಿಗೆ ಅವರೇ ದಾರಿ ಹುಡುಕಿದರು. ತೀರ್ಥಹಳ್ಳಿಯ ಗ್ಯಾರೇಜೊಂದರಲ್ಲಿ ಹಳೆಯ ಬಸ್ಸು ಬಿಚ್ಚುತ್ತಿದ್ದಾರೆ, ಅದರ ಗಾಜು ಕಬ್ಬಿಣದ ತೂಕಕ್ಕಿಂತ ಅಗ್ಗ ಎಂದರು. ಬಸ್ಸಿನ ಗಾಜಿಗೆ ಗಾಜು ಕೊಯ್ಯುವ ವಜ್ರದ ಮೊನೆ ಮುಟ್ಟಿಸುವ ಹಾಗಿಲ್ಲವಂತೆ. ಕತ್ತರಿಸಲು ಹೋದರೆ ಕಲ್ಲುಸಕ್ಕರೆಯ ಹಾಗೆ ಪುಡಿಯಾಗುತ್ತದಂತೆ. “ಗಾಜಿಗೆ ತಕ್ಕ ಕಿಟಕಿ ಮಾಡ್ಬೇಕು. ಬಡವರ ಮನೇಲಿ ಎಲ್ಲಾ ಹಂಗೇ ಅಲ್ವಾ” ಎಂದು ನಕ್ಕರು.

ಒಂದು ಅಭ್ಯಾಸ ಅವರದು ನನಗೆ ಮೊದಲ ದಿನವೇ ವಿಚಿತ್ರ ಕಂಡಿತು. ಮರ ಹೊಸದಕ್ಕೆ ಬೇಕೆಂದು ಹಳೆಯ ಕಿಟಕಿ ಕೀಳುವಾಗ ಮುಖ ಆಚೆ ತಿರುಗಿಸಿಕೊಂಡು ಎಳೆದರು. ಗೋಡೆಯಲ್ಲಿ ತೂತು ಆದ ಕೂಡಲೇ ಮೊದಲು ಒಂದು ಗೋಣಿತಾಟು ಕಟ್ಟಿದರು. ಅನ್ನ ಬಡಿಸಿದ್ದೇನೆ ಎಂದರೂ ಅದನ್ನು ಕಟ್ಟಿ ಮುಗಿಸದೆ ಊಟಕ್ಕೆ ಏಳಲಿಲ್ಲ. ನಿಮ್ಮಜ್ಜ ಮಲಗಿದಲ್ಲಿಂದಲೇ, ಕಳ್ಳ ಬರ್ತಾನೆ ಅಂತ ಹೆದರಿಕೆಯಾ ಆಚಾರ್ರೇ, ನಮ್ಮನೇಲಿ ಕದಿಯೋಕೆ ನಾನೊಬ್ಬನೇ ಇರೂದು ಎಂದು ಕೆಣಕಿದರು. ಆಚಾರ್ರು ನಗಲಿಲ್ಲ. “ನಾನು ಕೂರಿಸಿದ ಕಿಟಕಿಗಿಂತ ಕಿತ್ತ ಕಿಟಕಿ ಜಾಸ್ತಿ” ಎಂದರು. ಆಮೇಲೆ ಊಟ ಮಾಡುತ್ತಾ ಹೇಳಿದರು. ಅವರ ಊರು ಶರಾವತಿಯ ಮುಳುಗಡೆಯಲ್ಲಿ ಹೋಯಿತು. ನೀರು ಏರುವ ಮೊದಲು ಜನ ಬಾಗಿಲು, ಕಿಟಕಿ, ಹೆಂಚು ಬಿಚ್ಚಿಕೊಂಡು ಹೊರಟರು. ಊರಿನ ಒಬ್ಬನೇ ಆಚಾರಿ ಅವರು. ಮನೆಮನೆಗೂ ಕರೆದರು. ಅಪ್ಪ, ಅಜ್ಜ ಕೂರಿಸಿದ್ದನ್ನೆಲ್ಲ ಅವರ ಕೈಯಿಂದಲೇ ಕೀಳಿಸಿದರು. ಕಿಟಕಿ ಕಿತ್ತ ಮನೆಯ ಮುಖ ನೋಡಬಾರದು ತಂಗಿ, ಅದು ನಮ್ಮನ್ನೇ ನೋಡ್ತದೆ ಎಂದು ಹೇಳಿ ಎಲೆ ಮಡಿಸಿದರು.

ದೀಪಾವಳಿ ಕಳೆದ ವಾರ ಹೊಸ ಕಿಟಕಿ ತಂದರು. ಗಾಡಿಯಿಂದ ಇಳಿಸುವಾಗಲೇ ನನಗೆ ತಪ್ಪು ಕಂಡಿತು. ಎರಡು ಗಾಜು ಇದ್ದವು. ಒಂದರ ಪಕ್ಕ ಒಂದು. ಎರಡು ಬಾಗಿಲು, ಬಾಗಿಲಿಗೊಂದು ಗಾಜು. ಎರಡು ಗಾಜಿನ ಕಿಟಕಿ ಎಂದರೆ ನಮ್ಮಲ್ಲಿ ಯಾರಾದರೂ ಮಾಡುವುದು ಹಾಗೆಯೇ. ತಪ್ಪು ಅವರದಲ್ಲ. ನಾನು ಕಂಡದ್ದನ್ನು ಹೇಳಿರಲಿಲ್ಲ, ಕೇಳಿದ್ದನ್ನು ಮಾತ್ರ ಹೇಳಿದ್ದೆ.

ಸಂಜೆಯವರೆಗೆ ಕೂತು ಅದನ್ನು ಹೂವು ಇಟ್ಟ ಹಾಗೆ ಕೂರಿಸಿದರು. ಕೋಣೆಗೆ ಬೆಳಕು ಬಂತು. ಕೈ ಒರೆಸಿಕೊಂಡು, “ಸರಿ ಆತಾ ತಂಗಿ?” ಎಂದು ಕೇಳಿದರು. ಅವರ ಮುಖದಲ್ಲಿ ಎಷ್ಟು ಸಂತೋಷವಿತ್ತೆಂದರೆ ನನ್ನ ನಾಲಿಗೆ ಏಳಲಿಲ್ಲ. ಕೂಲಿಯಲ್ಲೂ ಅರ್ಧ ಬಿಟ್ಟಿದ್ದರು. ಬಿಚ್ಚಿ ಮತ್ತೆ ಮಾಡಿ ಎನ್ನಲು ಯಾವ ಬಾಯಿ? “ಆತು” ಎಂದೆ.

ಮಾರನೆಯ ಬೆಳಿಗ್ಗೆ ಐದಕ್ಕೆ ಮೊದಲ ಇಂಜಿನ್ ಶುರುವಾಯಿತು. ಹಲಗೆ ಕಿಟಕಿಯಿದ್ದಾಗ ಸದ್ದು ಮಾತ್ರ ಬರುತ್ತಿತ್ತು. ಈಗ ಗಾಜೂ ಸೇರಿಕೊಂಡು ಗಡಗಡ ನಡುಗತೊಡಗಿತು. ಬಸ್ಸಿನ ಗಾಜಲ್ಲವೇ, ಬಸ್ಸಿನಲ್ಲಿ ಹೇಗೆ ನಡುಗುತ್ತಿತ್ತೋ ಹಾಗೆಯೇ. ನಿಮ್ಮಜ್ಜ ಕಣ್ಣು ಬಿಟ್ಟು ನಕ್ಕರು.

“ಇಷ್ಟು ದಿನ ಬಸ್ಸು ಹೊರಗಿತ್ತು ಮಾರಾಯ್ತಿ. ಈಗ ಬಸ್ಸಿನೊಳಗೇ ಮಲಗಿದ ಹಂಗಾತು.”

ಅವರು ನಕ್ಕರು, ಕಾಲು ಮಾತ್ರ ಬ್ರೇಕ್ ಒತ್ತುತ್ತಲೇ ಇತ್ತು.

ನಾನು ಸಂದಿಗೆ ಬಟ್ಟೆ ತುರುಕಿದೆ. ಕೌದಿ ತೂಗುಹಾಕಿದೆ. ಕೊನೆಗೆ ಒಂದು ಉಪಾಯ ಕಂಡುಕೊಂಡೆ. ಬಸ್ಸುಗಳು ಶುರುವಾಗುವ ಹೊತ್ತಿಗೆ ಎದ್ದು ಹೋಗಿ ಎರಡೂ ಅಂಗೈಯನ್ನು ಎರಡು ಗಾಜಿಗೆ ಒತ್ತಿ ಹಿಡಿದು ನಿಲ್ಲುವುದು. ಒತ್ತಿ ಹಿಡಿದರೆ ನಡುಕ ನಿಲ್ಲುತ್ತಿತ್ತು. ಮಾರ್ಗಶಿರದ ಚಳಿಯಲ್ಲಿ ಗಾಜು ಮಂಜಿನ ಹಾಗೆ ಕೊರೆಯುತ್ತಿತ್ತು. ಕೊನೆಯ ಬಸ್ಸು ಹೋಗುವವರೆಗೆ ನಿಂತಿರುತ್ತಿದ್ದೆ. ಆಚಾರ್ರಿಗೆ ಹೇಳಿಕಳಿಸಲು ಒಂದು ಮಾತು ಸಾಕಿತ್ತು. ಅದನ್ನು ಹೇಳದೆ ಐದು ತಿಂಗಳು ಹೀಗೆ ಕೈ ಒತ್ತಿ ನಿಂತೆ.

ಮಾಘದಲ್ಲಿ ನಿಮ್ಮಜ್ಜನಿಗೆ ಎದೆನೋವು ಮತ್ತೆ ಬಂತು, ಮೊದಲಿಗಿಂತ ಜೋರು. ಶಿವಮೊಗ್ಗದಲ್ಲಿ ಡಾಕ್ಟರು ಪರೀಕ್ಷೆ ಮಾಡಿ, ಕಿಟಕಿಗೆ ಎರಡು ಗಾಜು ಹಾಕಿಸಿದ್ರಾ ಎಂದು ಕೇಳಿದರು. ನಾನು ಹೂಂ ಎಂದೆ. ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಜೀವನದಲ್ಲಿ ಹೇಳಿಲ್ಲ. ಮತ್ತೆ ನಿದ್ದೆ ಯಾಕೆ ಇಲ್ಲ ಎಂದು ಅವರು ತಮ್ಮಷ್ಟಕ್ಕೇ ಹೇಳಿಕೊಂಡು ಮಾತ್ರೆ ಬದಲಿಸಿಕೊಟ್ಟರು.

ಯುಗಾದಿ ಮುಗಿದ ಮೇಲೊಂದು ದಿನ ಸಂತೆಗೆಂದು ಸಾಗರಕ್ಕೆ ಬಂದಿದ್ದ ಆಚಾರ್ರು ಯಜಮಾನರ ಆರೋಗ್ಯ ವಿಚಾರಿಸಲು ಬೆಳಿಗ್ಗೆ ಒಳಗೆ ಬಂದರು. ಹೊರಗೆ ಹೊಸನಗರದ ಬಸ್ಸು ಇಂಜಿನ್ ಬಿಸಿ ಮಾಡುತ್ತಾ ನಿಂತಿತ್ತು. ನಾನು ಬೆನ್ನು ಹಾಕಿ ಗಾಜಿಗೆ ಕೈಯೊತ್ತಿ ನಿಂತಿದ್ದೆ. ಅವರು ಬಂದದ್ದು ಗೊತ್ತಾಗಲಿಲ್ಲ.

“ಎಂತ ಮಾಡ್ತಿದೀರಿ ತಂಗಿ?”

ಬೆಚ್ಚಿ ಕೈ ತೆಗೆದೆ. ಗಾಜು ಗಡಗಡ ಬಡಿದುಕೊಂಡಿತು. ಅವರು ಅದನ್ನು ಕೇಳುತ್ತಾ ನಿಂತರು. ಕಿವಿಯಿಂದ ಕಡ್ಡಿ ತೆಗೆದರು, ಮತ್ತೆ ಸಿಕ್ಕಿಸಿಕೊಂಡರು. ನಿಮಗೆ ಬೇಕಾಗಿದ್ದು ಹೀಗೇನಾ ಎಂದು ಮೆಲ್ಲಗೆ ಕೇಳಿದರು.

“ಅಲ್ಲ” ಎಂದೆ.

“ಮತ್ತೆ?”

“ಒಂದರ ಹಿಂದೆ ಒಂದು.”

ಆಚಾರ್ರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. “ಹಿಂದೆ” ಎಂದು ಎರಡು ಸಲ ತಮ್ಮಲ್ಲೇ ಹೇಳಿಕೊಂಡರು. “ಈ ಒಂದು ಮಾತು ದೀಪಾವಳಿಲಿ ಹೇಳಿದ್ರೆ ಎಂತ ಆಗ್ತಿತ್ತು ತಂಗಿ? ನಾನೆಂತ ಹುಲಿಯಾ?”

ನನಗೆ ಅಳು ಬಂತು. ನಿಮ್ಮಜ್ಜ ಹಾಸಿಗೆಯಿಂದಲೇ ನನ್ನ ಪರವಾಗಿ ಹೇಳಿದರು. “ಬಿಡಿ ಆಚಾರ್ರೇ. ಮದುವೆ ದಿನ ಹೆಸರು ಕೇಳಿದ್ದಕ್ಕೂ ಇವಳು ಹೂಂ ಅಂದಿದ್ಲು. ಹೂಂ ಅನ್ನೂದೇ ಹೆಸರು ಅಂತ ಎಷ್ಟೋ ದಿನ ತಿಳ್ಕಂಡಿದ್ದೆ.”

ಆಚಾರ್ರು ಸಂತೆಗೆ ಹೋಗಲಿಲ್ಲ. ಅವತ್ತೇ ಅಳತೆ ತೆಗೆದರು. ಇನ್ನೆರಡು ಗಾಜು ತರುವ ಶಕ್ತಿ ನಮಗಿಲ್ಲವೆಂದು ಅವರಿಗೆ ಗೊತ್ತಿತ್ತು. ಇದ್ದ ಎರಡನ್ನೇ ಒಂದರ ಹಿಂದೆ ಒಂದು ಇಟ್ಟರೆ ಕಿಟಕಿಯ ಅಗಲ ಅರ್ಧವಾಗುತ್ತದೆ, ಉಳಿದರ್ಧಕ್ಕೆ ಇಟ್ಟಿಗೆ ಕಟ್ಟಬೇಕು, ಕೋಣೆ ಕತ್ತಲಾಗುತ್ತದೆ ಎಂದರು. ನಿಮ್ಮಜ್ಜ ಆಗಲಿ ಎಂದರು. ಹೊರಗಿನ ಗೋಡೆಯಲ್ಲಿ ಈಗಲೂ ಒಂದು ಕಡೆ ಗಾರೆಯ ಬಣ್ಣ ಬೇರೆ ಕಾಣುತ್ತದಲ್ಲ, ಅದು ನಾವು ಬಿಟ್ಟುಕೊಟ್ಟ ಬೆಳಕಿನ ಜಾಗ.

ಒಳಗಿನ ಗಾಜಿಗೆ ಇನ್ನೊಂದು ಚೌಕಟ್ಟು ಬೇಕಾಯಿತು. ಮರಕ್ಕೆ ಎಂತ ಮಾಡುವುದು ಎಂದು ನಾನು ಚಿಂತೆ ಮಾಡುವಷ್ಟರಲ್ಲಿ ಅವರೇ ಎಲ್ಲಿಂದಲೋ ಒಂದು ಹಳೆಯ ಚೌಕಟ್ಟು ಎತ್ತಿನಗಾಡಿಯಲ್ಲಿ ಹಾಕಿಕೊಂಡು ಬಂದರು. ಕಪ್ಪಾದ ಹಲಸಿನ ಮರ, ಒಳ್ಳೆಯ ಕೆಲಸ. ಗಾಜಿನ ಅಳತೆಗೆ ಅದು ದೊಡ್ಡದಾಗಿತ್ತು. ನಮ್ಮ ಅಂಗಳದಲ್ಲೇ ಇಟ್ಟುಕೊಂಡು ಕುಯ್ದರು. ಕುಯ್ಯುವಾಗ ಒಂದು ಮಾತೂ ಆಡಲಿಲ್ಲ. ಯಾವಾಗಲೂ ಮಾತಾಡುತ್ತಾ ಕೆಲಸ ಮಾಡುವವರು ಅವತ್ತು ಸುಮ್ಮನಿದ್ದರು. ನಾನು ಸುಸ್ತಾಗಿರಬೇಕು ಅಂದುಕೊಂಡು ಮಜ್ಜಿಗೆ ಕೊಟ್ಟೆ.

ಗಾಜಿನ ಅಂಚಿಗೆ ಸೈಕಲ್ ಟ್ಯೂಬು ಸೀಳಿ ಸುತ್ತಿದರು. ಎಲ್ಲ ಸಂದಿಗೂ ಕಡ್ಡಿ ಇಟ್ಟು ನೋಡಿದರು. ಎಲ್ಲಿಯೂ ಹೋಗಲಿಲ್ಲ. ಗಾಜು ಗಿಡ್ಡವಾದ್ದರಿಂದ ಕೆಳಗೆ ಹಲಗೆ ಬಂದಿತ್ತು. ಅದರಲ್ಲಿ ಒಳಗೊಂದು ಹೊರಗೊಂದು, ಕೈ ಹಿಡಿಸುವಷ್ಟು ಸಣ್ಣ ಬಾಗಿಲು ಮಾಡಿದರು. ಸದ್ದು ಬರಬಾರದು ಅಂತ ಇಷ್ಟೆಲ್ಲ ಮಾಡಿ ಇದೊಂದು ಬಾಗಿಲು ಎಂತಕ್ಕೆ ಎಂದು ನಾನೇ ಕೇಳಿದೆ. ಬಾಯಿ ಬಿಟ್ಟು ಕೇಳಿದೆ ಎಂದು ಅವರಿಗೆ ಖುಷಿಯಾಯಿತು.

“ಬೇಡ ಬೇಡ ಅಂದಿದ್ದೂ ಮನುಷ್ಯನಿಗೆ ಒಂಚೂರು ಬೇಕಾಗ್ತದೆ ತಂಗಿ. ಪೂರ್ತಿ ಮುಚ್ಚಬಾರದು.”

ಮರುದಿನ ನಿಮ್ಮಜ್ಜ ಎದ್ದಾಗ ಬಿಸಿಲು ಬಂದಿತ್ತು. ಇವತ್ತು ಬಸ್ಸು ಹೊರಡಲಿಲ್ಲವಾ ಎಂದು ಕೇಳಿದರು. ಎಲ್ಲ ಹೋದವು ಎಂದೆ. ಎಷ್ಟೋ ಹೊತ್ತು ಸೂರು ನೋಡುತ್ತಾ ಮಲಗಿದ್ದರು. ಕಂಬಳಿಯ ಕೆಳಗೆ ಕಾಲು ಅಲುಗಲಿಲ್ಲ.

ಮೊದಲ ಮಳೆಗಾಲದಲ್ಲಿ ಎರಡು ಗಾಜಿನ ನಡುವೆ ಆವಿ ಕಟ್ಟಿತು. ಒಳಗಿನಿಂದಲೂ ಒರೆಸಲಾಗದು, ಹೊರಗಿನಿಂದಲೂ ಒರೆಸಲಾಗದು. ಈ ಸಲ ನಾನು ಸುಮ್ಮನಿರಲಿಲ್ಲ, ಆನಂದಪುರದ ಕಡೆ ಹೋಗುವವರ ಕೈಲಿ ಚೀಟಿ ಬರೆದು ಕಳಿಸಿದೆ. ಆಚಾರ್ರು ನೀರು ಸೋಕದ ಸುಟ್ಟ ಸುಣ್ಣದ ಹರಳನ್ನು ಬಟ್ಟೆಯಲ್ಲಿ ಕಟ್ಟಿ ತಂದು, ಸಣ್ಣ ಬಾಗಿಲಿನಿಂದ ಕೈ ತೂರಿ ಗಾಜಿನ ನಡುವೆ ಇಟ್ಟರು. ಸುಣ್ಣ ತೇವ ಕುಡಿಯಿತು, ನಾಲ್ಕು ದಿನದಲ್ಲಿ ಗಾಜು ತಿಳಿಯಾಯಿತು. ವರ್ಷಕ್ಕೊಮ್ಮೆ ಬದಲಿಸಿ ಎಂದರು. ಆಮೇಲೆ ಬಂದಾಗಲೆಲ್ಲ ನಾನು ಬರೆದ ಆ ಚೀಟಿಯನ್ನು ತಮಾಷೆ ಮಾಡುತ್ತಿದ್ದರು. ಕಿಟಕಿ ಬೆವರುತ್ತಿದೆ ಎಂದು ಬರೆದಿದ್ದೆನಂತೆ.

ಒಳಗಿನ ಚೌಕಟ್ಟಿನ ಕೆಳಗಿನ ಪಟ್ಟಿಯ ಮೇಲೆ ರೂಪಾಯಿಯಗಲದ ಒಂದು ಕಪ್ಪು ಕಲೆ ಇತ್ತು. ನಾನು ಅದನ್ನು ಬೂದಿ ಹಾಕಿ, ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೆ. ಒಮ್ಮೆ ಆಚಾರ್ರು ಕಂಡು, “ಅದು ಹೋಗೂದಿಲ್ಲ ತಂಗಿ, ಬಿಟ್ಟುಬಿಡಿ” ಎಂದರು. ನಾನು ಬಿಡಲಿಲ್ಲ. ಹಬ್ಬ ಬಂದಾಗಲೆಲ್ಲ ತಿಕ್ಕಿದೆ.

ನಿದ್ದೆ ಸಿಕ್ಕ ಆ ನೆಮ್ಮದಿ ಒಂಬತ್ತು ತಿಂಗಳು. ಪುಷ್ಯ ಮಾಸದ ಒಂದು ಮಧ್ಯಾಹ್ನ ಮೂರೂವರೆಗೆ ನಿಮ್ಮಜ್ಜ ಆ ಸಣ್ಣ ಬಾಗಿಲು ತೆಗೆ ಎಂದರು. ಎರಡನ್ನೂ ತೆಗೆದೆ. ತೀರ್ಥಹಳ್ಳಿಯಿಂದ ಅವರ ಬಸ್ಸು ವಾಪಸು ಬರುವ ಹೊತ್ತು. ಸದ್ದು ಬಂತು, ತಿರುವಿನಲ್ಲಿ ಕರ್ರೆಂದು ಗೇರ್ ಕಿರುಚಿತು. “ಇನ್ನೂ ಸರಿಯಾಗಿ ಗೇರ್ ಹಾಕೂದು ಕಲ್ತಿಲ್ಲ ಅಂವ” ಎಂದರು. ಬಾಗಿಲು ಮುಚ್ಚಿ ತಿರುಗಿದೆ. ಅಷ್ಟೇ. ಅದಾದ ಮೇಲೆ ಅವರು ಮಾತಾಡಲಿಲ್ಲ.

ಮೊದಲೇ ಸರಿಯಾದ ಕಿಟಕಿ ಇದ್ದಿದ್ದರೆ, ಆ ಚಳಿಗಾಲ ನಿದ್ದೆ ಸಿಕ್ಕಿದ್ದರೆ, ಮಾಘದ ನೋವು ಬರುತ್ತಿರಲಿಲ್ಲವೇ? ಡಾಕ್ಟರನ್ನು ಕೇಳಿದೆ. ಹಾಗೆಲ್ಲ ಹೇಳಲಾಗುವುದಿಲ್ಲಮ್ಮ ಎಂದರು. ಹೇಗಿದ್ದರೂ ಬರುತ್ತಿತ್ತು ಎಂದಿದ್ದರೆ ನನಗೆ ಸಮಾಧಾನ ಇರುತ್ತಿತ್ತು. ನಿಮ್ಮಜ್ಜ ಹೋದ ಹನ್ನೆರಡನೆಯ ದಿನ ಆಚಾರ್ರು ಬಂದಾಗ ಅವರೆದುರು ಇದನ್ನೇ ಹೇಳಿ ಅತ್ತೆ. ಅವರು ಕಿವಿಯ ಕಡ್ಡಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೇಳಿದರು.

“ನೀವು ಹೇಳ್ಲಿಲ್ಲ, ಸರಿ. ನಾನು ಕೇಳಿದ್ನಾ? ಹಾಸಿಗೆ ಹಿಡಿದ ಮನುಷ್ಯ ಎದುರಿಗೇ ಇದ್ದ. ಎಂತಕ್ಕೆ ಕಿಟಕಿ ಅಂತ ಕೇಳದೆ ಎಷ್ಟು ಗಾಜು ಅಂತ ಕೇಳ್ದೆ. ತಪ್ಪಲ್ಲಿ ಅರ್ಧ ನಂಗೆ ಕೊಡಿ ತಂಗಿ, ಒಬ್ರೇ ಹೊರಬೇಡಿ.”

ಆ ಅರ್ಧವನ್ನು ಅವರು ನಿಜವಾಗಿ ಹೊತ್ತರು. ಮುಂದೆ ಏಳೆಂಟು ವರ್ಷ ಈ ಮನೆಯ ಮುರಿದ ಕದ, ಸೋರುವ ಸೂರು ಎಲ್ಲಕ್ಕೂ ಕರೆಯದೆ ಬಂದರು. ನನ್ನ ಹೊಲಿಗೆ ಯಂತ್ರದ ಮೇಜನ್ನೂ ಮಾಡಿಕೊಟ್ಟರು. ಪ್ರತಿ ಸಲ ಕೆಲಸ ಶುರು ಮಾಡುವ ಮೊದಲು ನನ್ನನ್ನು ಎದುರು ನಿಲ್ಲಿಸಿ, ಎಂತಕ್ಕೆ ಬೇಕು, ಹೇಗೆ ಬೇಕು, ಪೂರ್ತಿ ಹೇಳಿ ಎಂದು ಹಟ ಹಿಡಿಯುತ್ತಿದ್ದರು. ನಾನು ಅಂಗಡಿಯವರ ಹತ್ತಿರ, ಶಾಲೆಯ ಮೇಷ್ಟರ ಹತ್ತಿರ ತಲೆಯೆತ್ತಿ ಮಾತಾಡಿ ನಿಮ್ಮ ಅಪ್ಪನನ್ನು ಓದಿಸಿದ್ದರೆ ಆ ಧೈರ್ಯ ಕಲಿಸಿದವರು ಅವರು.

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ಬಂತು. ಜ್ವರ ಎಂದು ಮಲಗಿದವರು ಏಳಲಿಲ್ಲವಂತೆ. ನಾನು ಹೋಗುವ ಮೊದಲೇ ಅವರ ಹೆಂಡತಿ ಒಂದು ದಿನ ಇಲ್ಲಿಗೆ ಬಂದರು. ಅದುವರೆಗೆ ಅವರು ನಮ್ಮ ಮನೆ ನೋಡಿರಲಿಲ್ಲ. ನೀರು ಕೊಟ್ಟೆ, ಕುಡಿಯಲಿಲ್ಲ. ಆ ಕಿಟಕಿ ಎಲ್ಲಿ ಎಂದು ಕೇಳಿದರು. ಕೋಣೆಗೆ ಕರೆದುಕೊಂಡು ಹೋದೆ. ಅವರು ನೇರ ಹೋಗಿ ಆ ಕಪ್ಪು ಕಲೆಯ ಮೇಲೆ ಬೆರಳಿಟ್ಟರು.

“ನಮ್ಮತ್ತೆ ದೀಪ ಇಡ್ತಿದ್ದ ಜಾಗ ಇದು” ಎಂದರು.

ಊರಿನ ಎಲ್ಲರ ಮನೆಯ ಕಿಟಕಿ ಕಿತ್ತು ಕೊಟ್ಟ ಮೇಲೆ ಕೊನೆಗೆ ಆಚಾರ್ರು ತಮ್ಮ ಮನೆಯದನ್ನು ಕಿತ್ತರಂತೆ. ಹೊಸ ಬಿಡಾರದ ಗೋಡೆ ಮಣ್ಣಿನದು, ಅಷ್ಟು ಭಾರದ ಚೌಕಟ್ಟು ತಡೆಯುವಂಥದಲ್ಲ. ಒಂದು ದಿನ ಒಳ್ಳೆಯ ಮನೆ ಕಟ್ಟಿ ಅದನ್ನು ಕೂರಿಸಬೇಕೆಂದು ಹದಿನೈದು ವರ್ಷ ಅಟ್ಟದ ಮೇಲೆ ಇಟ್ಟಿದ್ದರಂತೆ. ಅದನ್ನು ಬಸ್ಸಿನ ಗಾಜಿನ ಅಳತೆಗೆ ನಮ್ಮ ಅಂಗಳದಲ್ಲಿ ಕುಯ್ದದ್ದು. ಕುಯ್ಯುವಾಗ ನಾನು ಮಜ್ಜಿಗೆ ಕೊಟ್ಟದ್ದು. ಆ ದೀಪದ ಕಲೆಯನ್ನೇ ನಾನು ವರ್ಷವರ್ಷ ಹುಣಸೆಹಣ್ಣಿನಲ್ಲಿ ತಿಕ್ಕಿದ್ದು.

ಬಿಚ್ಚಿ ಕೊಡುತ್ತೇನೆ, ತೆಗೆದುಕೊಂಡು ಹೋಗಿ ಎಂದು ಅವರ ಕೈ ಹಿಡಿದೆ. ಅವರು ತಲೆ ಅಲ್ಲಾಡಿಸಿದರು.

“ಬೇಡಕ್ಕ. ಇನ್ನೊಂದ್ಸಲ ಕೀಳೂದು ಬೇಡ.”

ನಾನು ಒಂದು ಮಾತು ಹೇಳದೆ ಆಚಾರ್ರ ಕೈಯಿಂದ ತಪ್ಪು ಮಾಡಿಸಿದೆ. ಅವರೂ ಒಂದು ಮಾತು ಹೇಳದೆ ಹೋದರು. ನನ್ನದು ಅಂಜಿಕೆ, ಅವರದು ಏನೆಂದು ಕರೆಯಬೇಕೋ ನನ್ನ ಏಳನೇ ತರಗತಿಯ ಕನ್ನಡದಲ್ಲಿ ಇಲ್ಲ.

ಈಗ ಹೇಳುತ್ತೇನೆ ಕೇಳಿ ಮಕ್ಕಳೇ. ಮೊನ್ನೆ ನಾನು ಹೇಳಿದ ‘ಆತು’ ಸುಳ್ಳು. ನನಗೆ ಆ ಕಿಟಕಿ ಬೇಕು. ನಾನಿರುವವರೆಗೆ ಇರಲಿ, ವರ್ಷಕ್ಕೊಮ್ಮೆ ಸುಣ್ಣ ನಾನೇ ಬದಲಿಸುತ್ತೇನೆ. ಆಮೇಲೆ ಮನೆ ನಿಮ್ಮದು, ಕಾಲ ನಿಮ್ಮದು. ತೆಗೆಯಲೇಬೇಕಾಗಿ ಬಂದರೆ ಕೀಳುವವನಿಗೆ ಮೊದಲು ಇದನ್ನು ಓದಿ ಹೇಳಿ. ಕಿತ್ತ ಕೂಡಲೇ ತೂತಿಗೆ ಒಂದು ಗೋಣಿತಾಟು ಕಟ್ಟಿಸಿ. ಕಲೆಯಿರುವ ಪಟ್ಟಿಯನ್ನು ಆನಂದಪುರದ ಈಚೆ ಆಚಾರ್ರ ಮಕ್ಕಳ ಮನೆಗೆ ಮುಟ್ಟಿಸಿ. ಅದಕ್ಕೇ ಈ ಹಾಳೆಗಳನ್ನು ನನ್ನ ಪೆಟ್ಟಿಗೆಯಲ್ಲಿ ಇಡುತ್ತಿಲ್ಲ, ಮನೆಯ ಪತ್ರಗಳ ಜೊತೆ ಒಂದೇ ದಾರದಲ್ಲಿ ಕಟ್ಟಿಡುತ್ತಿದ್ದೇನೆ. ಆ ಪತ್ರ ಇರುವಷ್ಟು ದಿನ ಇವನ್ನೂ ತೇವ ತಾಗದ ಹಾಗೆ ಇಟ್ಟುಕೊಳ್ಳಿ.